ಇದ್ದೂ ಇಲ್ಲದ ಕಾಕಾ

ಮೊನ್ನೆ ಹಾನಗಲ್ಲಿನ ಮದುವೆಯೊಂದರಲ್ಲಿ ಬಡಿಸುವ ಹುಡುಗ ನನ್ನ ಎಲೆಯೊಂದನ್ನೇ ದಾಟಿ ಮುಂದೆ ಹೋದ. ಹೋಳಿಗೆ ತಪ್ಪಿದ್ದಕ್ಕೆ ಸಿಟ್ಟು ಬರಬೇಕಿತ್ತು. ತಿಂಡಿಪೋತನೆಂದು ಹೆಸರಾದವನು ನಾನು. ಆದರೆ ನಿಮ್ಮ ಮುಂದೆ ಹೇಳಲಿಕ್ಕೇನು, ಮೈ ಜುಮ್ಮೆಂದಿತು. ತಿಳವಳ್ಳಿಯ ನಮ್ಮ ಕಾಕಾ ನೆನಪಾದರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿಯ ಶಾಲೆಗೆ ಹೊಸ ಮಾಸ್ತರ. ಕಾಕಾನ ಮನೆಯಲ್ಲೇ ವಾಸ, ಅವರ ಹೆಂಡತಿ ಚಿಗವ್ವನ ಕೈಯ ರೊಟ್ಟಿ. ಕಾಕಾ ಒಂದು ಸಾಲದ ಸಂಘದ ಸೆಕ್ರೆಟರಿ. ಸತ್ತ ರೈತರ ಹೆಸರಿನಲ್ಲಿ ಸಾಲ ಎತ್ತಿ, ಅವರ ಹೆಬ್ಬೆಟ್ಟನ್ನು ತಾವೇ ಒತ್ತಿದ್ದರು. ಧಾರವಾಡದ ಕೋರ್ಟು ತಪ್ಪಿತಸ್ಥರೆಂದು ಜೈಲುಶಿಕ್ಷೆ ಕೊಟ್ಟಿತು. ಅಪೀಲು ಮುಗಿಯುವವರೆಗೆ ಜಾಮೀನು ಸಿಕ್ಕಿತು.

ಮನೆಗೆ ಬಂದ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ನಾ ಜೇಲಿಗೆ ಹ್ವಾದ ಮ್ಯಾಲ ಅಳೂದು ಬ್ಯಾಡ. ಇವತ್ತಿಂದನ ನಾ ಇಲ್ಲಂತ ರೂಢಿ ಮಾಡ್ಕೋರಿ. ಊಟಕ್ಕ ನನ್ನ ಗಂಗಾಳ ಇಡಬ್ಯಾಡ್ರಿ, ಮಾತಾಡಸ್ಬ್ಯಾಡ್ರಿ."

"ಹುಚ್ಚು ಹಿಡದೈತೇನ್ರಿ ನಿಮಗ?" ಎಂದು ಚಿಗವ್ವ ಅತ್ತಳು. ಆದರೆ ಗಂಡನ ಮಾತು ಮೀರಿದವಳಲ್ಲ. ಮೊದಮೊದಲು ಅದು ಆಟದಂತಿತ್ತು; ಮಕ್ಕಳು ಕಿಸಕ್ಕನೆ ನಗುತ್ತಿದ್ದರು, ನಾನು ಪೇಪರು ಅಡ್ಡ ಹಿಡಿದು ನಗು ನುಂಗುತ್ತಿದ್ದೆ. ನಾವು ಉಂಡೆದ್ದ ಮೇಲೆ ಕಾಕಾ ಒಲೆಯ ಮುಂದೆ ತಾವೇ ಬಡಿಸಿಕೊಳ್ಳುತ್ತಿದ್ದರು. ಬರಬರುತ್ತ ನಗು ನಿಂತಿತು. ಕಾಕಾನ ಮಗಳು ಕಸ ಹೊಡೆಯುವಾಗ ಅವರು ಕುಳಿತ ಜಾಗವನ್ನೂ ಸೇರಿಸಿಯೇ ಗುಡಿಸುತ್ತಿದ್ದಳು. ಕಾಲು ಎತ್ತಿಕೊಳ್ಳುವವರು ಅವರೇ. ರೊಟ್ಟಿಯ ಬುಟ್ಟಿ ನಮ್ಮ ಊಟಕ್ಕೇ ಖಾಲಿಯಾಗತೊಡಗಿತು. ಮನುಷ್ಯ ಎಲ್ಲದಕ್ಕೂ ಹೊಂದಿಕೊಳ್ಳುತ್ತಾನೆ ಎಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು ನಾನೇ. ನನಗೇ ಹೆದರಿಕೆಯಾಯಿತು.

ಅಪೀಲಿನಲ್ಲಿ ಜೈಲು ತಪ್ಪಿತು, ದಂಡ ಕಟ್ಟಿದರೆ ಸಾಕೆಂದಾಯಿತು. ಕಾಕಾ ಮಧ್ಯಾಹ್ನದ ಬಸ್ಸಿಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಏ, ಬಿಟ್ರು ನನ್ನ! ಸಾಕಿನ್ನ ಆಟ, ನೀರು ಕೊಡು."

ಚಿಗವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಮತ್ತೆ ಕರೆದರು. ಬೆಕ್ಕು ಬಂತೇನೋ ಎಂಬಂತೆ ಬಾಗಿಲತ್ತ ನೋಡಿ, ಹಂಚಿನತ್ತ ತಿರುಗಿದಳು.

"ಚಿಗವ್ವ, ಕಾಕಾ ಕರ್ಯಾಕತ್ತಾರ!" ಎಂದು ನಾನು ಕೂಗಿದೆ.

"ಎಲ್ಲಿ?" ಎಂದಳು. ಆಮೇಲೆ ಕಂಡಿರಬೇಕು, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಖರೇನ ಕೇಳಸ್ಲಿಲ್ಲರಿ... ಖರೇನ ಕಾಣ್ಲಿಲ್ಲ."

ಅಂದಿನಿಂದ ಕೊನೆಯವರೆಗೂ ಕಾಕಾ ತಮ್ಮ ಮನೆಯೊಳಗೆ ಕೆಮ್ಮಿಯೇ ಕಾಲಿಡುತ್ತಿದ್ದರು.

ಮದುವೆಯಿಂದ ಮರಳಿದ ಸಂಜೆ ನಾನು ಊಟಕ್ಕೆ ಎಲ್ಲರನ್ನೂ ಹೆಸರು ಹಿಡಿದು ಕೂಗಿದೆ. ಮರುದಿನ ಗಂಡನ ಮನೆಗೆ ಹೊರಡಲಿದ್ದ ಮೊಮ್ಮಗಳು, "ಇಲ್ಲೇ ಬಾಜೂಕನ ಅದೀನಲ್ಲಜ್ಜಾ, ಯಾಕ ಒದರ್ತಿ?" ಎಂದು ನಕ್ಕಳು. ಇನ್ನೊಮ್ಮೆ ಕೂಗಿದೆ. ಅವಳು "ಓ" ಅನ್ನುವವರೆಗೆ ತುತ್ತು ಎತ್ತಲಿಲ್ಲ.