ಬೆಲ್ ಹೊಡೆಯುವ ಸರದಿ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ನಾಟಕದವರು ಮುಖಕ್ಕೆ ಹಚ್ಚುವ ಕಪ್ಪು ಬಣ್ಣ. ಮೇಣ, ಮಸಿ, ಹಳೇ ಎಣ್ಣೆ ಎಲ್ಲ ಸೇರಿದ ಕಮಟು. ಶಿವಾಜಿನಗರದಲ್ಲಿ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮಗಳ ಕೈ ಹಿಡಿದು ನಿಂತಿದ್ದೆ. ಅವಳ ಶಾಲೆಯಲ್ಲಿ ಮಕ್ಕಳೆಲ್ಲ ತಮಗಿಷ್ಟವಾದ ಲೇಖಕರ ವೇಷದಲ್ಲಿ ಬರಬೇಕಂತೆ. ಇವಳು ಆರಿಸಿಕೊಂಡದ್ದು ಅಮೆರಿಕದ ಒಬ್ಬ ಕಪ್ಪು ಲೇಖಕಿಯನ್ನು. ಮಕ್ಕಳಿಗಾಗಿ ಈಗಲೂ ಬರೆಯುತ್ತಿರುವವರು. ಪುಸ್ತಕದ ಹಿಂದಿನ ಫೋಟೋದಲ್ಲಿ ದುಂಡು ಕನ್ನಡಕ, ಹಸಿರು ಸ್ವೆಟರ್ ಹಾಕಿಕೊಂಡು ನಗುತ್ತಾರೆ.

ಅಂಗಡಿಯವನು ಆ ಫೋಟೋ ನೋಡಿದ, ಒಳಗೆ ಹೋದ, ಚಿರತೆ ಚುಕ್ಕೆಯ ಬಟ್ಟೆ, ಒಂದು ರಟ್ಟಿನ ಈಟಿ, ಜೊತೆಗೆ ಆ ಡಬ್ಬಿ ತಂದಿಟ್ಟ.

“ಆಫ್ರಿಕಾ ಸೆಟ್ ಮೇಡಂ, ಫುಲ್ ಇದೆ,” ಎಂದ. ಆಮೇಲೆ ಮಗಳ ಮುಖ ನೋಡಿ ನಕ್ಕ. “ಪಾಪೂಗೆ ಬಣ್ಣ ಬೇಕಾಗಲ್ಲ ಬಿಡಿ.”

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ವಾಸನೆಯ ಹಿಂದೆಯೇ ನೆನಪಿನಲ್ಲಿ ನಮ್ಮ ಇಂಗ್ಲಿಷ್ ಮಿಸ್ ಬಂದು ನಿಂತರು…

ಅದು ತೊಂಬತ್ತರ ದಶಕದ ಕೊನೆ. ಹಲಸೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಏಳನೇ ಕ್ಲಾಸು. ಅಪ್ಪ ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದರು. ನಮ್ಮದು ಕೇರಿಯ ಬೌದ್ಧರ ಮನೆ. ಇಬ್ಬರು ಮಕ್ಕಳಲ್ಲಿ ನನ್ನನ್ನು ಮಾತ್ರ ಇಂಗ್ಲಿಷ್ ಮೀಡಿಯಂಗೆ ಹಾಕುವಷ್ಟು ಅವರ ಕೈಲಿತ್ತು. ಶಾಲೆ ನಡೆಸುತ್ತಿದ್ದವರು ಬೆಂಗಳೂರಿನ ಪೂರ್ವದ ಕಡೆ ಹಿಂದಿನಿಂದ ಜಮೀನಿದ್ದ ಮನೆತನದವರು. ಅವರನ್ನು ಎಲ್ಲರೂ ಕರೆಸ್ಪಾಂಡೆಂಟ್ ಸಾಹೇಬರು ಎನ್ನುತ್ತಿದ್ದರು.

ಮಿಸ್ ಬರುತ್ತಿದ್ದದ್ದು ರಿಚರ್ಡ್ಸ್ ಟೌನ್‌ನಿಂದ, ತಮ್ಮಷ್ಟೇ ಕೂಗಾಡುವ ಒಂದು ಮೊಪೆಡ್ ಮೇಲೆ. ಮನೆಮಾತು ತಮಿಳು. ಪ್ರೀತಿಯ ಮಾತಾಡುವ ಟೀಚರಲ್ಲ, ಸಿಡುಕಿ. ಗೊಣಗಿದರೆ ಸೀಮೆಸುಣ್ಣ ತೂರಿ ಬರುತ್ತಿತ್ತು. “ಬಾಯಿ ಬಿಟ್ಟು ಹೇಳೇ ಹುಡುಗಿ, ನುಂಗಿದ ಮಾತು ಅರಗಲ್ಲ,” ಎನ್ನುತ್ತಿದ್ದರು. ನಾನು ಆ ಶಾಲೆಯಲ್ಲಿ ಅಲ್ಲಿಯವರೆಗೆ ನುಂಗಿಕೊಂಡೇ ಇದ್ದವಳು.

ಶನಿವಾರದ ಕೊನೇ ಪೀರಿಯಡ್‌ನಲ್ಲಿ ಮಾತ್ರ ಅವರು ಬೇರೆ ಮನುಷ್ಯರಾಗುತ್ತಿದ್ದರು. ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಹೆಕ್ಕಿ ತಂದ ಕಥೆಪುಸ್ತಕಗಳನ್ನು ಓದಿ ಹೇಳುತ್ತಿದ್ದರು. ಒಂದಾದ ಮೇಲೊಂದು, ಎಲ್ಲವನ್ನೂ ಬರೆದವರು ಕಪ್ಪು ಜನ. ಮುಖಪುಟದ ಮೇಲೂ ಕಪ್ಪು ಮಕ್ಕಳು. ಅಪ್ಪನ ಬಸ್ಸಿನಲ್ಲಿ ಊರು ಸುತ್ತುವ ಹುಡುಗ, ಅಜ್ಜಿಯ ಮುಂದೆ ಕೂತು ತಲೆ ತುಂಬ ಸಣ್ಣ ಸಣ್ಣ ಜಡೆ ಹಾಕಿಸಿಕೊಳ್ಳುವ ಹುಡುಗಿ. ನನ್ನ ಬಣ್ಣದ ಹುಡುಗಿಯೊಬ್ಬಳು ಪುಸ್ತಕದ ಮೇಲೆ ನಗುತ್ತಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮ ಪಠ್ಯಪುಸ್ತಕದಲ್ಲಿ ಕಪ್ಪಗಿದ್ದವರೆಂದರೆ ರಾಕ್ಷಸರು ಮಾತ್ರ.

ಒಂದು ಪುಸ್ತಕದ ಹಿಂದಿನ ಫೋಟೋ ತೋರಿಸಿದಾಗ ಹಿಂದಿನ ಬೆಂಚಿನವನೊಬ್ಬ, “ಇವ್ರು ಯಾವಾಗ ತೀರ್ಕೊಂಡ್ರು ಮಿಸ್?” ಎಂದು ಕೇಳಿದ. ತಪ್ಪು ಅವನದಲ್ಲ. ನಾವು ಓದುತ್ತಿದ್ದ ಕವಿಗಳೆಲ್ಲ ಸತ್ತವರೇ. ಹೆಸರಿನ ಪಕ್ಕದಲ್ಲಿ ಎರಡು ಇಸವಿ ಇದ್ದರೇ ಲೇಖಕ.

“ಬದುಕಿದ್ದಾರೆ ಕಣೋ!” ಎಂದು ಮಿಸ್ ಮೇಜು ಗುದ್ದಿದರು. “ಈಗ ಅಲ್ಲಿ ರಾತ್ರಿ, ಮಲಗಿರ್ತಾರೆ. ಬೆಳಿಗ್ಗೆ ಎದ್ದು ಕಾಫಿ ಕುಡಿದು ಮತ್ತೆ ಬರೀತಾರೆ. ಯಾರಿಗೆ? ನಿಮ್ಮಂಥ ಕತ್ತೆಗಳಿಗೆ!”

ಆ ಪುಸ್ತಕದ ಕಥೆ ಇಷ್ಟೇ. ಒಂದು ಊರಿನ ಶಾಲೆಯಲ್ಲಿ ಶುಕ್ರವಾರಕ್ಕೊಂದು ಮಗು ಮನೆಗೆ ಬಿಡುವ ಬೆಲ್ ಹೊಡೆಯಬೇಕು. ಕಪ್ಪು ಹುಡುಗಿಯ ಸರದಿ ಬಂದಾಗಲೆಲ್ಲ ಏನೋ ಒಂದು ನೆಪ, ಅವಳನ್ನು ಬಿಟ್ಟು ಮುಂದಿನವರನ್ನು ಕರೆಯುತ್ತಾರೆ. ಕೊನೆಗೊಂದು ದಿನ ಅವಳು ಯಾರನ್ನೂ ಕೇಳದೆ ಹೋಗಿ, “ಇವತ್ತು ನನ್ನ ಸರದಿ,” ಎಂದು ಬೆಲ್ ಹೊಡೆದುಬಿಡುತ್ತಾಳೆ.

ಮಿಸ್ ಅದನ್ನು ಸ್ಕೂಲ್ ಡೇಗೆ ಕನ್ನಡದ ನಾಟಕ ಮಾಡಿದರು, ಬಂದ ತಾಯಂದಿರಿಗೆಲ್ಲ ಅರ್ಥವಾಗಲಿ ಎಂದು. ಆ ಹುಡುಗಿಯ ಪಾತ್ರ ನನಗೆ. ಕ್ಲಾಸು ಮುಗಿದ ಮೇಲೆ ಖಾಲಿ ಹಾಲಿನಲ್ಲಿ ಆ ಒಂದು ಸಾಲನ್ನು ನೂರು ಸಲ ಹೇಳಿಸಿದರು. ಕೊನೆಯ ಬೆಂಚಿನಲ್ಲಿ ಹೋಗಿ ಕೂತು, “ಕೇಳಿಸ್ಲಿಲ್ಲ!” ಎಂದು ಕಿರುಚುತ್ತಿದ್ದರು. ಒಂದು ಸಂಜೆ ಹಾಗೆ ಕಿರುಚಲಿಲ್ಲ, ಸುಮ್ಮನೆ ತಲೆ ಆಡಿಸಿದರು. ಅವತ್ತು ನಾನು ಮನೆಯವರೆಗೂ ಓಡಿದೆ.

ಸ್ಕೂಲ್ ಡೇಗೆ ಇನ್ನೇನು ಒಂದು ವಾರವಿದೆ ಎನ್ನುವಾಗ ಕರೆಸ್ಪಾಂಡೆಂಟ್ ರಿಹರ್ಸಲ್ ನೋಡಲು ಬಂದರು. ನೋಡಿ, ಮಿಸ್ ಕಡೆ ತಿರುಗಿ, “ಲೈಟ್ ಬಿದ್ರೆ ಮುಖ ಕಾಣ್ಬೇಕಲ್ವೇನ್ರೀ? ಇವಳು ಕಾಣೋದೇ ಇಲ್ಲ. ನಮ್ಮ ತಮ್ಮನ ಮಗಳಿಗೆ ಕೊಡಿ. ಮೇಕಪ್ ಮಾಡಿಸೋಣ,” ಎಂದರು. ನಾನು ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿದ್ದೆ. ನನ್ನನ್ನು ಬೆಂಚು ಎಂದುಕೊಂಡಿದ್ದರೋ ಏನೋ. ಕಪ್ಪು ಹುಡುಗಿಯ ಪಾತ್ರಕ್ಕೆ ನಾನು ಜಾಸ್ತಿ ಕಪ್ಪಾಗಿಬಿಟ್ಟಿದ್ದೆ!

ಮಿಸ್ ಜಗಳವಾಡಿದರು. ಆಫೀಸಿನ ಬಾಗಿಲು ಹಾಕಿದ್ದರೂ ಅವರ ಧ್ವನಿ ವರಾಂಡದವರೆಗೆ ಬರುತ್ತಿತ್ತು. ಹಾಗಾದರೆ ನಾಟಕವೇ ಬೇಡ ಎಂದು ಕರೆಸ್ಪಾಂಡೆಂಟರ ಉತ್ತರ ಬಂತು. ಉಳಿದ ಮಕ್ಕಳಿಗೋಸ್ಕರ ಮಿಸ್ ಒಪ್ಪಬೇಕಾಯಿತು. ಮನೆಯಲ್ಲಿ ಹೇಳಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಬಣ್ಣ ಒಂದು ನೆಪ ಮಗಳೇ. ನಮ್ಮದು ಯಾವ ಬೀದಿ ಅಂತ ಅವರಿಗೆ ಗೊತ್ತಿಲ್ವಾ,” ಎಂದರು.

ಸ್ಕೂಲ್ ಡೇ ದಿನ ಕರೆಸ್ಪಾಂಡೆಂಟರ ತಮ್ಮನ ಮಗಳ ಹಾಲಿನಂಥ ಮುಖಕ್ಕೆ ಡಬ್ಬಿಗಟ್ಟಲೆ ಕಪ್ಪು ಬಳಿದರು. ಅವಳು ನನ್ನ ಜೊತೆಗಾತಿ, ಪಾಪ, ಕಣ್ಣು ಉರಿ ಎಂದು ಅಳುತ್ತಿದ್ದಳು. ಸ್ಟೇಜಿನ ಮೇಲಿದ್ದದ್ದು ರಟ್ಟಿನ ಬೆಲ್. ಸದ್ದಿಗೆ ಪರದೆಯ ಹಿಂದೆ ನನ್ನನ್ನು ನಿಲ್ಲಿಸಿ ಕೈಗೆ ಜಾಗಟೆ ಕೊಟ್ಟರು. ಅವಳು “ಇವತ್ತು ನನ್ನ ಸರದಿ” ಎಂದು ಕೈಯೆತ್ತಿದಳು, ಕತ್ತಲಲ್ಲಿ ನಾನು ಹೊಡೆದೆ. ಚಪ್ಪಾಳೆಯೋ ಚಪ್ಪಾಳೆ. ಕರೆಸ್ಪಾಂಡೆಂಟ್ ಮೈಕ್ ಹಿಡಿದು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. “ಅಮೆರಿಕದಲ್ಲಿ ಎಂಥಾ ಅನ್ಯಾಯ ನೋಡಿ. ಪುಣ್ಯಕ್ಕೆ ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ,” ಎಂದರು. ಆ ಮಾತಿಗೂ ಚಪ್ಪಾಳೆ ಬಿತ್ತು. ಜಾಗಟೆಯನ್ನು ಅವರ ತಲೆಗೇ ಎಸೆಯಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ನಾಟಕ ಮುಗಿದ ಮೇಲೆ ಮಿಸ್ ನೆಲದ ಮೇಲೆ ಕೂತು ಆ ಹುಡುಗಿಯ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರು. ಬಟ್ಟೆ ಕಪ್ಪಾಗುತ್ತ ಹೋಯಿತು. ನಾನು ಎಣ್ಣೆ ಬಾಟಲಿ ಹಿಡಿದು ಪಕ್ಕದಲ್ಲಿದ್ದೆ. ಅವಳಿಗೆ ನೋವಾಗದ ಹಾಗೆ ಒರೆಸುತ್ತಿದ್ದರು.

ಮರುದಿನ ರಜೆ. ಅದರ ಮರುದಿನ ಎರಡನೇ ಪೀರಿಯಡ್ ನಡೆಯುತ್ತಿದ್ದಾಗ ಮಿಸ್ ಬಾಗಿಲಿಗೆ ಬಂದು ನನ್ನನ್ನು ಕರೆದರು. ಅಂಗಳದ ಹೊಂಗೆಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡೇ ನಮ್ಮ ಶಾಲೆಯ ಬೆಲ್. ಅದರ ಮುಂದೆ ನಿಲ್ಲಿಸಿ ಕಬ್ಬಿಣದ ಸರಳನ್ನು ಕೈಗಿಟ್ಟರು.

“ಹೊಡಿ.”

“ಈಗ್ಲಾ ಮಿಸ್?”

“ಈಗ್ಲೇ. ಮೊದಲು ಮಾತು ಹೇಳು. ಕೊನೇ ಬೆಂಚಿಗೆ ಕೇಳಿಸ್ಬೇಕು.”

“ಇವತ್ತು ನನ್ನ ಸರದಿ!” ಎಂದು ಕೂಗಿ ಹೊಡೆದೆ. ಹೊಡೆಯುತ್ತಲೇ ಹೋದೆ. ಬಿಡದೆ ಹೊಡೆದರೆ ಮನೆಗೆ ಬಿಡುವ ಬೆಲ್ ಎಂದು ಲೆಕ್ಕ. ಎಲ್ಲ ಕ್ಲಾಸುಗಳಿಂದ ಮಕ್ಕಳು ಹೋ ಎಂದು ಬ್ಯಾಗು ಹಾರಿಸಿಕೊಂಡು ಗೇಟಿನ ಕಡೆ ನುಗ್ಗಿದವು. ವಾಚ್‌ಮನ್ ಪಾಪ ಗೇಟು ತೆಗೆದೇಬಿಟ್ಟ. ಅರ್ಧ ಶಾಲೆ ರಸ್ತೆಗೆ ಬಿತ್ತು. ಮಿಸ್ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಯಾರ್ರೀ ಅದು?” ಎಂದು ಕರೆಸ್ಪಾಂಡೆಂಟ್ ಓಡಿಬಂದರು. ಮಿಸ್ ನನ್ನನ್ನು ಹಿಂದಕ್ಕೆ ಸರಿಸಿ ಮುಂದೆ ನಿಂತರು. “ನಾನೇ ಹೊಡೆಸಿದ್ದು ಸಾರ್. ಈ ಹುಡುಗಿ ಮುಖ ಕಾಣಲ್ಲ ಅಂದ್ರಲ್ಲ, ಈಗ ಕಾಣ್ತಾ?”

ಶಿಸ್ತು ಕೆಡಿಸಿದರೆಂದು ಅವತ್ತು ಸಂಜೆಯೇ ಅವರನ್ನು ಕೆಲಸದಿಂದ ತೆಗೆದರು. ಮೊಪೆಡ್‌ಗೆ ಪುಸ್ತಕದ ಚೀಲ ಸಿಕ್ಕಿಸುತ್ತಿದ್ದಾಗ ನಾನು ಬಿಕ್ಕಿಬಿಕ್ಕಿ ಅಳುತ್ತ ನಿಂತೆ. ಅವರು ರೇಗಿದರು. “ಅಳ್ಬೇಡ. ಸಿಟ್ಟು ಮಾಡ್ಕೋ. ಅಳೋರನ್ನ ಕಂಡ್ರೆ ಇವರಿಗೆ ಬಲು ಪ್ರೀತಿ, ಚಪ್ಪಾಳೆ ತಟ್ತಾರೆ.” ಕಿಕ್ ಹೊಡೆದು ಹೊರಟುಬಿಟ್ಟರು. ಆಮೇಲೆ ನಾನು ಅವರನ್ನು ನೋಡಲಿಲ್ಲ…

ಮುಖಕ್ಕೆ ಬಣ್ಣ ಬಳಿಸಿಕೊಂಡ ಆ ಜೊತೆಗಾತಿ ಹೋದ ವರ್ಷ ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಸಿಕ್ಕಳು. “ಮಿಸ್ ಹೋಗ್ಬಿಟ್ರು ಕಣೇ, ಆಗ್ಲೇ ಹತ್ತು ವರ್ಷ ಆಗಿರ್ಬೇಕು,” ಎಂದಳು. ಆಮೇಲೆ ತಲೆ ತಗ್ಗಿಸಿ ಉಳಿದದ್ದನ್ನೂ ಹೇಳಿದಳು. ಅವಳ ದೊಡ್ಡಪ್ಪ, ಅದೇ ಕರೆಸ್ಪಾಂಡೆಂಟ್, ಸುತ್ತಮುತ್ತಲಿನ ಶಾಲೆಗಳಿಗೆಲ್ಲ ಫೋನ್ ಮಾಡಿ, ಆಯಮ್ಮನನ್ನು ಸೇರಿಸಿಕೊಳ್ಳಬೇಡಿ ಎಂದಿದ್ದರಂತೆ. ಮಿಸ್ ಕೊನೆಯವರೆಗೂ ಮನೆಪಾಠ ಹೇಳಿಕೊಂಡೇ ಇದ್ದರಂತೆ. ಶಾಲೆಯ ಆ ಹಾಲಿಗೆ ಈಗ ದೊಡ್ಡಪ್ಪನ ಹೆಸರು.

ಇದೆಲ್ಲ ನೆನಪಾಗುವ ಹೊತ್ತಿಗೆ ಅಂಗಡಿಯವನು ಬಣ್ಣದ ಡಬ್ಬಿಯನ್ನು ನನ್ನ ಮೂಗಿನ ಹತ್ತಿರವೇ ಹಿಡಿದಿದ್ದ. “ಮುಚ್ಚಳ ಹಾಕ್ರೀ,” ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗುವಷ್ಟು ಜೋರಾಗಿ ಹೇಳಿದ್ದೆ. “ಅವರು ಬರೆಯೋರು. ಈಟಿ ಹಿಡ್ಕೊಂಡು ಬರೀತಾರಾ? ಇನ್ನೊಂದ್ಸಲ ಯಾವ ಮಗು ಮುಖಾನೂ ನೋಡಿ ಹಾಗೆ ನಗ್ಬೇಡಿ.” ಅವನು, “ತಮಾಷೆಗಂದೆ ಮೇಡಂ,” ಎಂದ. ತಮಾಷೆಯಂತೆ, ಅವನ ತಲೆ. ಮಗಳಿಗೆ ಅಜ್ಜಿಯ ಹಳೇ ಕನ್ನಡಕದ ಫ್ರೇಮು, ನನ್ನ ಹಸಿರು ಸ್ವೆಟರು ಸಾಕು.

ಮನೆಗೆ ಹೋಗುವ ಬಸ್ಸು ಹಲಸೂರಿನ ಆ ಶಾಲೆಯ ಮುಂದೆ ಟ್ರಾಫಿಕ್‌ನಲ್ಲಿ ನಿಂತಿತು. ಮಿಸ್ ಕಥೆಯನ್ನು ಮಗಳಿಗೆ ಹೇಳಿ ಮುಗಿಸಿದ್ದೆ. ಹೊಂಗೆಮರ ಈಗಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಶಾಲೆ ಬಿಡುವ ಬೆಲ್ ಆಯಿತು. ಅದೂ ಕರೆಂಟಿನದು, ತಾನಾಗಿಯೇ ಹೊಡೆದುಕೊಳ್ಳುತ್ತದೆ.

“ಅಳ್ತಿದೀಯಾ ಅಮ್ಮ?” ಎಂದು ಮಗಳು ಕೇಳಿದಳು.

“ಅಳ್ತಿಲ್ಲ ಕಣೇ, ಸಿಟ್ಟು ಬಂದಿದೆ,” ಎಂದೆ.

ಮಿಸ್ ಇದ್ದಿದ್ದರೆ ಅರ್ಧ ಮಾರ್ಕು ಕಳೆಯುತ್ತಿದ್ದರು, ಏಕೆಂದರೆ ನಾನು ಅಳುತ್ತಲೂ ಇದ್ದೆ.