ಸೋಮವಾರ ಇಳಿಯುವ ಸಮುದ್ರ

ಲೂಸಿಯಾನೆ ಇಪ್ಪತ್ತಾರು ವರ್ಷದಿಂದ ಟೋಂಗಾದ ಹವಾಮಾನ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತು ದ್ವೀಪಗಳ ಮಳೆ, ಗಾಳಿ, ಉಬ್ಬರದ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿದವಳು. ಹನ್ನೆರಡು ಹೊಡೆದರೆ ಬೇಯಿಸಿದ ಕೆಸುವಿನ ಗೆಡ್ಡೆಯ ಡಬ್ಬಿ ತೆರೆಯುವಳು, ಒಂದು ನಿಮಿಷ ಆಚೀಚೆ ಇಲ್ಲ. ನಾನು ಗಂಡಾಂತರದಲ್ಲೂ ತಮಾಷೆ ಮಾಡುವವನು, ಅವಳು ತಮಾಷೆಗೂ ಗಾಬರಿಯಾಗುವವಳು.

ಹೋದ ವರ್ಷ ಕಚೇರಿಗೆ ಹೊಸ ನಕ್ಷೆ ಬಂತು. ಪರದೆಯ ಮೇಲೆ ಬೆರಳು ಎಳೆದರೆ ವರ್ಷಗಳು ಸರಿಯುತ್ತವೆ. ಕಡಲು ಏರಿದ ದ್ವೀಪದ ಚುಕ್ಕೆ ಕೆಂಪಾಗಿ ಊದಿಕೊಳ್ಳುತ್ತದೆ. ಎಲ್ಲವೂ ಕೆಂಪಾದವು, ಮೋತುಲೆಕಾ ಒಂದು ಮಾತ್ರ ಹಸಿರಾಗಿಯೇ ಉಳಿಯಿತು. ಅಲ್ಲಿ ದಡದಲ್ಲಿ ನೀರಿನ ಮಟ್ಟದ ಅಳತೆಗೋಲು ಓದುವವನು ಲೂಸಿಯಾನೆಯ ತಮ್ಮ ಸೆಮಿಸಿ. ಮೂವತ್ತು ವರ್ಷದ ಅಂಕಿಗಳನ್ನು ಜಾಲಾಡಿದ ಯಂತ್ರ, ಈ ದ್ವೀಪಕ್ಕೆ ಕಡಲಿನ ಕಾಟವಿಲ್ಲ ಎಂದು ತೀರ್ಪು ಕೊಟ್ಟಿತ್ತು. ಮೇಲಿನವರು ಅದನ್ನೇ ನಂಬಿ, ಮುಳುಗುತ್ತಿದ್ದ ಪಕ್ಕದ ದ್ವೀಪದ ಹತ್ತೊಂಬತ್ತು ಮನೆಯವರನ್ನು ಅಲ್ಲಿಗೆ ಸಾಗಿಸಲು ಹೊರಟರು. ಗುರುವಾರ ದೋಣಿ.

"ನಿನ್ನ ತಮ್ಮನಿಗೆ ದೇವರು ಬೇರೆ ಸಮುದ್ರ ಕೊಟ್ಟಿದ್ದಾನೇನೇ?" ಎಂದೆ.

ಅವಳು ನಗಲಿಲ್ಲ. ವರ್ಷವನ್ನು ಬಿಡಿಸಿ ತಿಂಗಳು ಮಾಡಿದಳು, ತಿಂಗಳನ್ನು ಬಿಡಿಸಿ ದಿನ ಮಾಡಿದಳು. ನೆಟ್ಟಗಿದ್ದ ಗೆರೆ ಗರಗಸದ ಹಲ್ಲಾಯಿತು. ನೀರು ಬೆರಳು ಬೆರಳಾಗಿ ಏರುತ್ತದೆ, ಒಂದು ದಿನ ದಢಕ್ಕನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹಾಗೆ ಏಳು ಸಲ ಇಳಿದಿತ್ತು. ಪ್ರತಿ ಇಳಿತವನ್ನೂ ಒತ್ತಿ ವಾರ ನೋಡಿದಳು. ಏಳೂ ಸೋಮವಾರ.

ನನ್ನ ತಮಾಷೆಯೂ ಅಲ್ಲಿಗೇ ನಿಂತಿತು. ನಮ್ಮ ಹಳ್ಳಿಗಳಲ್ಲಿ ಸೋಮವಾರ ಊರಸಭೆ, ಸಭೆ ಮುಗಿದ ಮೇಲೆ ಎಲ್ಲರೂ ಸೇರಿ ಊರಕೆಲಸ. ಸಮುದ್ರಕ್ಕೆಲ್ಲಿಯ ಊರಸಭೆ? ಆ ಕೋಲನ್ನು ಮನುಷ್ಯರ ಕೈ ಸರಿಸಿತ್ತು. ಆ ಏಳು ದಿನದ ಅಂಕಿಗಳನ್ನೂ ತುಂಬಿದ್ದು ಲೂಸಿಯಾನೆಯೇ.

ಸೆಮಿಸಿಯನ್ನು ಕೇಳಬೇಕು. ಕಷ್ಟವಿದ್ದದ್ದೇ ಅಲ್ಲಿ. ನಮ್ಮ ಟೋಂಗಾದಲ್ಲಿ ದೊಡ್ಡವರಾದ ಮೇಲೆ ಅಕ್ಕ ತಮ್ಮ ಒಂದು ಕೋಣೆಯಲ್ಲಿ ಕೂರುವುದಿಲ್ಲ. ಅಕ್ಕನ ಸ್ಥಾನ ದೊಡ್ಡದು. ಅವಳೇ ಬಾಯಿಬಿಟ್ಟು ತಪ್ಪು ಕೇಳಿದರೆ ತಮ್ಮ ಊರಲ್ಲಿ ತಲೆ ಎತ್ತುವಂತಿಲ್ಲ. ಕೇಳಿದರೆ ಅವನ ಮಾನ, ಕೇಳದಿದ್ದರೆ ಅಷ್ಟೂ ಮನೆಯವರ ಪ್ರಾಣ. ಅತ್ತ ದರಿ, ಇತ್ತ ಪುಲಿ. ಅವಳು ಫೋನನ್ನು ನನ್ನ ಕಡೆ ಸರಿಸಿದಳು. ನಂಬರು ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ. ಸೆಮಿಸಿಯ ಹೆಂಡತಿ ಓಫಾ ಎತ್ತಿದಳು.

"ಓಫಾ, ಅಳತೆಗೋಲು ಈಗ ಎಲ್ಲಿದೆ ಅಂತ ಅವನನ್ನ ಕೇಳಮ್ಮಾ."

"ಅವ್ರನ್ಯಾಕೆ ಕೇಳ್ಬೇಕು ಅತ್ತಿಗೆ? ಇಲ್ಲೇ, ನಮ್ಮ ಅಡುಗೆಮನೆ ಹಿಂದೆ. ದಿನಾ ಬಟ್ಟೆ ಒಣಹಾಕ್ತೀನಲ್ಲಾ ಅದ್ರ ಮೇಲೆ!"

"ಅಡುಗೆಮನೆ ಹಿಂದೆ ನೀರಾ?"

"ದೊಡ್ಡ ಉಬ್ಬರ ಬಂದ್ರೆ ಒಲೆ ತನಕ ಬರತ್ತೆ. ಕೋಲು ಬಿದ್ದಾಗೆಲ್ಲ ಊರೋರು ಒಂಚೂರು ಮೇಲಕ್ಕೆ ನೆಡ್ತಾರೆ. ಇನ್ನೇನು, ಕತ್ತಿನ ಮಟ್ಟ ನೀರಲ್ಲಿ ನಿಂತು ಓದಕ್ಕಾಗತ್ತಾ?"

ಕೋಲು ಮೇಲೆ ಹೋದಾಗೆಲ್ಲ ನೀರು ಇಳಿದಂತೆ ಕಂಡಿತ್ತು. ಏಳು ಸಲ ಎಷ್ಟೆಷ್ಟು ಇಳಿದಿತ್ತೋ ಅಷ್ಟನ್ನು ಲೂಸಿಯಾನೆ ಅಂಕಿಗಳಿಗೆ ಸೇರಿಸಿದಳು. ಹಸಿರು ಚುಕ್ಕೆ ಕೆಂಪಾಯಿತು, ಊದಿತು, ದ್ವೀಪದ ಹೆಸರನ್ನೇ ಮುಚ್ಚಿತು. ಅವಳು ಕಣ್ಣು ಮುಚ್ಚಿಕೊಂಡು, "ಫೋನು ಅವನ ಕೈಗೇ ಕೊಡು" ಎಂದಳು.

ಓಫಾ ಫೋನನ್ನು ಗಂಡನ ಕೈಗೆ ಕೊಟ್ಟಳು.

"ಸೆಮಿಸಿ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ. ನಿಜ ಬರೆದ್ರೆ ನಮ್ಮನ್ನೂ ಎಬ್ಬಿಸ್ತಾರೆ ಅಂತ ಭಯ. ಅಪ್ಪನ ಗೋರಿ ಇಲ್ಲಿದೆ. ನಾವು ಹೊರಟ್ರೆ ಅದ್ರ ಮೇಲೆ ಹೊಸ ಮರಳು ಹಾಕೋರ್ಯಾರು?"

ಹತ್ತೊಂಬತ್ತು ಮನೆಯವರ ಸಾಗಣೆ ನಿಂತಿತು. ಗುರುವಾರ ದೋಣಿ ಖಾಲಿಯಾಗಿ ಹೊರಟಿತು, ಮೋತುಲೆಕಾದವರನ್ನು ಕರೆತರಲು. ಓಫಾ ಮಕ್ಕಳ ಜೊತೆ ಬಂದಳು. ಸೆಮಿಸಿ ಹತ್ತಲಿಲ್ಲ.

ಈಗಲೂ ದಿನಾ ಅವನ ಅಂಕಿ ಬರುತ್ತದೆ. ಕೋಲನ್ನು ಮತ್ತೆ ಸರಿಸಿಲ್ಲ, ಅಂಕಿ ಏರುತ್ತಲೇ ಇದೆ. ಅದು ಬರುವವರೆಗೆ, ಹನ್ನೆರಡಾಗಲಿ ಎರಡಾಗಲಿ, ಲೂಸಿಯಾನೆ ಡಬ್ಬಿ ತೆರೆಯುವುದಿಲ್ಲ. ಭಾನುವಾರ ನಮ್ಮಲ್ಲಿ ಯಾರೂ ಕೆಲಸ ಮಾಡುವಂತಿಲ್ಲ, ಅಂಕಿ ಬರುವುದಿಲ್ಲ. ಅವತ್ತು ಅವಳು ಏನಾದರೂ ತಿನ್ನುತ್ತಾಳೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.