ಇಪ್ಪತ್ತನಾಲ್ಕು ಕವರು, ಒಂದು ಅರ್ಜಿ

ಆ ಶನಿವಾರ ಎಲ್ಲ ಶನಿವಾರಗಳ ಹಾಗೇ ಇತ್ತು. ನನ್ನ ಗಂಡ ಕಾಲೇಜಿನಿಂದ ದೊಡ್ಡ ಗಂಟೊಂದನ್ನು ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. ಕಂಪ್ಯೂಟರುಗಳಿಗೆ ಹೊದಿಸುವ ಬಟ್ಟೆಯ ಕವರುಗಳು. ನಾನೇ ಹೊಲಿದವು. ಒಗೆಯಬೇಕಿತ್ತು.

"ಒಣಗಿದ್ಮೇಲೆ ಇದೇ ಸಾಲಲ್ಲಿ ಮಡಚಿಡೇ. ಸೋಮವಾರ ಅರ್ಜಿಗೆ ಪಟ್ಟಿ ಬರೆಸ್ಬೇಕು."

"ಹೂಂ. ನಿಮ್ಮ ಎರಡನೇ ಸಂಸಾರದ ಬಟ್ಟೇನೂ ನಾನೇ ಒಗೀಬೇಕು."

"ಸವತಿ ಒಬ್ಬಳಲ್ಲ ಕಣೇ, ಇಪ್ಪತ್ನಾಲ್ಕು," ಎಂದು ನಕ್ಕರು.

ಮರುದಿನ ಬೆಳಗ್ಗೆ ಹಾಲಿಗೆ ಹೊರಟು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಅಷ್ಟೇ.

ಕವರುಗಳು ಹಗ್ಗದ ಮೇಲಿದ್ದವು. ಬಂದ ಜನಕ್ಕೆ ಕುರ್ಚಿ ಹಾಕಲು ಯಾರೋ ಎಲ್ಲವನ್ನೂ ಎಳೆದು ಮೂಲೆಗೆ ಒಟ್ಟಿದರು. ಸಾಲು ಕೆಟ್ಟಿತು.

ನನ್ನ ಗಂಡ ಕಾಲೇಜಿನ ಕಂಪ್ಯೂಟರ್ ಕೋಣೆಯ ಅಟೆಂಡರ್ ಆಗಿದ್ದರು. ಹದಿನೆಂಟು ವರ್ಷ. ಟೆಕ್ನಿಷಿಯನ್ ಹುದ್ದೆ ಖಾಲಿ ಬಿದ್ದ ಮೇಲೆ ಆ ಕೆಲಸವೂ ಇವರ ತಲೆಗೇ ಬಂತು. ಯಂತ್ರಗಳ ರಿಜಿಸ್ಟರು ಮಾತ್ರ ಆಫೀಸಿನ ಗುಮಾಸ್ತನ ಕೈಯಲ್ಲಿ. ಆತ ಪ್ರತಿ ವರ್ಷ ಹಳೆಯದನ್ನೇ ಇಳಿಸಿ, ಎಲ್ಲ ಯಂತ್ರಗಳೂ ಸುಸ್ಥಿತಿಯಲ್ಲಿವೆ ಎಂದು ಬರೆದು, ಇವರಿಂದ ಸಹಿ ಹಾಕಿಸುತ್ತಿದ್ದ. ನಿಜ ಇದ್ದದ್ದು ಕವರಿನ ಅಂಚಿನಲ್ಲಿ. ಯಂತ್ರ ರಿಪೇರಿಯಾದಾಗಲೆಲ್ಲ ಇವರು ಅದರ ಕವರನ್ನು ಮನೆಗೆ ತರುತ್ತಿದ್ದರು. ನಾನು ಒಂದು ನೀಲಿ ಹೊಲಿಗೆ ಹಾಕುತ್ತಿದ್ದೆ. ಪೂರ್ತಿ ಕೆಟ್ಟರೆ ಕೆಂಪು, ಕೆಟ್ಟು ಕೂತ ವರ್ಷಕ್ಕೊಂದು.

"ಬರೆದ್ರೆ ಆಫೀಸಿನೋರು ಹರಿದುಹಾಕ್ತಾರೆ. ಹೊಲಿಗೆ ಬಿಚ್ಚೋಕೆ ಅವರಿಗೆಲ್ಲಿ ಪುರುಸೊತ್ತು?" ಎನ್ನುತ್ತಿದ್ದರು.

ಐದನೇ ದಿನ ಕಂಪ್ಯೂಟರ್ ವಿಭಾಗದ ಮೇಡಂ ಮನೆಗೆ ಬಂದರು. ಚಾಪೆಯ ಮೇಲೆ ನನ್ನ ಪಕ್ಕ ಕೂತರು. ಆಮೇಲೆ ಹೇಳಿದರು.

"ಹೊಸ ಕಂಪ್ಯೂಟರಿನ ಅನುದಾನಕ್ಕೆ ನಾಳೆ ಸಂಜೆ ಐದು ಗಂಟೆಗೆ ಕೊನೆ, ಅಕ್ಕಾ. ಯಾವ ಯಂತ್ರ ಯಾವಾಗ ಕೆಟ್ಟಿತು, ಎಷ್ಟು ಸಲ ರಿಪೇರಿ ಆಯ್ತು, ಎಲ್ಲಾ ಕೇಳ್ತಾರೆ. ಅನುದಾನ ಬರದಿದ್ರೆ ಕೋಣೇನೇ ಮುಚ್ತಾರೆ. ರಿಜಿಸ್ಟರಲ್ಲಿ ನೋಡಿದ್ರೆ ಎಲ್ಲಾ ಚೆನ್ನಾಗಿದೆ ಅಂತಿದೆ. ಕೆಳಗೆ ನಿಮ್ಮ ಯಜಮಾನ್ರ ಸಹಿ."

ನನ್ನ ಮೈ ಉರಿಯಿತು. ಸತ್ತವರು ಸುಳ್ಳುಗಾರರಾಗಬಾರದು.

"ಬೆಳಗ್ಗೆ ಬರ್ತೀನಿ," ಅಂದೆ.

ಮರುದಿನ ಬೆಳಗ್ಗೆಯಿಂದಲೇ ಕರೆಂಟಿಲ್ಲ. ಯಾವ ಯಂತ್ರವನ್ನೂ ಹಾಕಿ ನೋಡುವ ಹಾಗಿರಲಿಲ್ಲ. ಗಂಟು ಹೊತ್ತು ಕಂಪ್ಯೂಟರ್ ಕೋಣೆಗೆ ಹೋದೆ. ಗುಮಾಸ್ತ ಬಾಗಿಲಲ್ಲೇ ನಿಂತಿದ್ದ.

"ಏನಮ್ಮಾ, ಅರ್ಜಿ ಬರೆಯೋಕೆ ಬಂದ್ಯೋ, ಬಟ್ಟೆ ಅಂಗಡಿ ಇಡೋಕೋ?"

"ನಿಮ್ಮ ರಿಜಿಸ್ಟರಿಗಿಂತ ನನ್ನ ಬಟ್ಟೆ ವಾಸಿ. ದಾರಿ ಬಿಡಿ."

ಮೇಡಂ ಪೆನ್ನು ಹಿಡಿದು ಕೂತರು. ನಾನು ಒಂದೊಂದೇ ಕವರು ಎತ್ತಿದೆ. ಎಲ್ಲ ಮನೆಯ ಹಳೆ ಬಟ್ಟೆ. ಯಾವುದು ಯಾವ ಯಂತ್ರದ್ದು ಎಂದು ಯಾರೂ ನನಗೆ ಪಾಠ ಮಾಡಿರಲಿಲ್ಲ. ಊಟಕ್ಕೆ ಕೂತಾಗ ಅವರು ಆಡಿದ ಮಾತುಗಳೇ ನನಗಿದ್ದದ್ದು. ಹಸಿರು ಪರದೆ ಬಟ್ಟೆಯ ಕವರು ಕಿಟಕಿ ಪಕ್ಕದ ಯಂತ್ರದ್ದು. ಅದು ಕೆಟ್ಟ ದಿನ ಅವರು ಅರ್ಧ ಊಟಕ್ಕೇ ಎದ್ದಿದ್ದರು. ನೀಲಿ ಶರ್ಟಿನದು ಕಂಬದ ಹಿಂದಿನದು. ಮೇಡಂಗೆ ಕಾಣುವುದಿಲ್ಲ ಎಂದು ಹುಡುಗರೆಲ್ಲ ಅಲ್ಲಿಗೇ ಮುಗಿಬೀಳುತ್ತಾರೆ ಎಂದಿದ್ದರು.

"ಹೌದಾ?" ಎಂದು ಮೇಡಂ ಕಂಬದ ಕಡೆ ತಿರುಗಿದರು.

ಮೂರೂವರೆಗೆ ಇಪ್ಪತ್ತೆರಡು ಮುಗಿದವು. ಉಳಿದ ಎರಡೂ ಒಂದೇ ಚೌಕಳಿ ಹಾಸಿಗೆ ಬಟ್ಟೆಯವು. ಒಂದಕ್ಕೆ ನಾಲ್ಕು ಕೆಂಪು, ಇನ್ನೊಂದಕ್ಕೆ ಮೂರು ನೀಲಿ. ಕೊನೆಯ ಸಾಲಿನಲ್ಲಿ ಕವರಿಲ್ಲದೆ ಉಳಿದದ್ದೂ ಎರಡು ಯಂತ್ರಗಳು. ನನಗೆ ಏನೂ ನೆನಪಾಗಲಿಲ್ಲ.

ಗುಮಾಸ್ತ ಗಡಿಯಾರ ನೋಡಿದ. "ಯಾವುದಾದ್ರೂ ಹಾಕಮ್ಮಾ. ಯಾರು ನೋಡ್ತಾರೆ?"

"ತನಿಖೆಗೆ ಬಂದೋರು ನೋಡ್ತಾರೆ," ಎಂದರು ಮೇಡಂ. "ಒಂದು ತಪ್ಪಿದ್ರೂ ಇಡೀ ಅರ್ಜಿ ಹೋಗತ್ತೆ."

ನಾಲ್ಕು ಗಂಟೆ. ಕೆಂಪಿನದನ್ನು ತಿರುವಿ ನೋಡಿದೆ. ಅಂಚಿಗೆ ಎರಡು ಬೆರಳಗಲದ ಪಟ್ಟಿ ಜೋಡಿಸಿದ್ದೆ. ಥಟ್ಟನೆ, ಆ ಕವರು ಯಂತ್ರಕ್ಕೆ ಸಾಲದೆ ವಾಪಸ್ಸು ತಂದ ದಿನದ ಅವರ ದನಿ ಕೇಳಿದ ಹಾಗಾಯಿತು. "ಇವಳಿಗೆ ಲಂಗ ಗಿಡ್ಡ ಆಯ್ತು ಕಣೇ, ಮಾನ ಮುಚ್ಚು."

ಎಡಗಡೆಯದಕ್ಕೆ ಹೊದಿಸಿದೆ. ನೆಲ ಗುಡಿಸುವ ಲಂಗದ ಹಾಗೆ ಮೇಜಿನ ಮೇಲೆ ಬಿತ್ತು. ಬಲಗಡೆಯದಕ್ಕೆ ಹೊದಿಸಿದೆ. ಸರಿಯಾಗಿ ಕೂತಿತು.

"ಇದು ಸತ್ತು ನಾಲ್ಕು ವರ್ಷ," ಅಂದೆ. "ಬರ್ಕೊಳ್ಳಿ."

ಮೇಡಂ ಬರೆದು, ಸಹಿ ಹಾಕಿ, ಓಡಿದರು. ಐದಕ್ಕೆ ಏಳು ನಿಮಿಷ ಇರುವಾಗ ಕೊಟ್ಟರಂತೆ.

ಎರಡು ತಿಂಗಳಿಗೆ ತನಿಖೆಯವರು ಬಂದರು. ಒಂದೊಂದನ್ನೂ ಹಾಕಿ ನೋಡಿದರು. ಒಂಬತ್ತು ಚಾಲೂ ಆದವು. ಪಟ್ಟಿಯಲ್ಲಿ ಸುಸ್ಥಿತಿ ಎಂದಿದ್ದದ್ದೂ ಅವೇ ಒಂಬತ್ತು. ಅನುದಾನ ಬಂತು, ಕೆಟ್ಟ ಹದಿನೈದಕ್ಕೆ ಮಾತ್ರ. ಹಳೆಯ ಒಂಬತ್ತು ಹಾಗೇ ಇವೆ. ಕಾಲೇಜಿನವರು ನನಗೆ ಅವರ ಕೆಲಸ ಕೊಡಲಿಲ್ಲ. ಕೋಣೆ ಗುಡಿಸಲು ಇಟ್ಟುಕೊಂಡರು. ಹೊಸವಕ್ಕೂ ಕವರು ಹೊಲಿದೆ. ಯಾರೂ ಕೇಳಿರಲಿಲ್ಲ.

ದಿನಾ ಬೆಳಗ್ಗೆ ಎಂಟಕ್ಕೆ ಬೀಗ ತೆಗೆಯುತ್ತೇನೆ. ಇಪ್ಪತ್ತನಾಲ್ಕು ಕವರನ್ನೂ ಒಂದೊಂದಾಗಿ ತೆಗೆದು, ಕಿಟಕಿಯಾಚೆ ಕೊಡವಿ, ಸಾಲು ತಪ್ಪದ ಹಾಗೆ ಮಡಚಿಡುತ್ತೇನೆ.